‘ಭವ್ಯ’ ಅಂದ್ರೆ ‘ತುಂಬಾ ಸುಂದರ’ ಅಂತಲೇನಾ?

ಸಾಗರದ ಸೊಸೆ
ಬ್ಯಾಂಕ್ ಕೆಲಸದ ಜೊತೆಗೇ ಕನ್ನಡ ಎಂ.ಎ. ಕಟ್ಟಿದೀನಿ. ಪಾಶ್ಚಾತ್ಯ ಕಾವ್ಯಮೀಮಾಂಸೆ ಪತ್ರಿಕೆಯಲ್ಲಿ ‘ಸಬ್ಲೈಮ್’ ಅನ್ನೋದೊಂದು ಬರುತ್ತೆ. ನನ್ನ ಹತ್ರ ಇರೋ ನೋಟ್ಸ್‌ನಲ್ಲಿ ಅದರ ಬಗ್ಗೆ ಒಂದೇ ಸಾಲು: ಸಬ್ಲೈಮ್ ಎಂದರೆ ಭವ್ಯ, ಸೌಂದರ್ಯದ ಪರಾಕಾಷ್ಠೆ. ಸರಿ ಅಂತ ಬಾಯಿಪಾಠ ಮಾಡ್ಕೊಂಡಿದ್ದೆ. ಹೋದ ಭಾನುವಾರ ಆ ಸಾಲು ಕೈಕೊಡ್ತು.

ಜೋಗಕ್ಕೆ ಹೋಗಿದ್ವಿ. ನಾವಿಬ್ರು, ಅತ್ತೆ, ಐದು ವರ್ಷದ ಮಗಳು. ಜಡಿಮಳೆ. ಕಂಬಿ ಹಿಡಿದು ನಿಂತ್ರೆ ಎದುರಿಗೆ ಬರೀ ಬಿಳೀ ಗೋಡೆ. ರಾಜನೂ ಇಲ್ಲ ರಾಣಿಯೂ ಇಲ್ಲ, ಮಂಜು. ಸದ್ದು ಮಾತ್ರ ಇತ್ತು, ಅದೂ ಕಿವಿಯಲ್ಲಿ ಅಲ್ಲ, ಎದೆಗೂಡಿನಲ್ಲಿ. ಕಂಬಿ ನಡುಗ್ತಿತ್ತೋ ನನ್ನ ಕೈಯೇ ನಡುಗ್ತಿತ್ತೋ ಗೊತ್ತಾಗ್ಲಿಲ್ಲ. ಮುಕ್ಕಾಲು ಗಂಟೆ ಕಾದ ಮೇಲೆ ಮಂಜು ಒಂದು ಕಡೆ ಹರಿದು ಅರ್ಧ ನಿಮಿಷ ಕಾಣಿಸ್ತು. ಕೆಮ್ಮಣ್ಣಿನ ನೀರು, 253 ಮೀಟರ್ ಕೆಳಗೆ. ಮೊಣಕಾಲು ಸಡಿಲ ಆಯ್ತು. ಮಗಳನ್ನ ಹಿಂದಕ್ಕೆ ಎಳ್ಕೊಂಡೆ. ಆದ್ರೆ ಕಣ್ಣು ಮಾತ್ರ ಕೀಳೋಕಾಗ್ಲಿಲ್ಲ. ಅತ್ತೆ ‘ಸಾಕು ನಡೀರೇ, ನೋಡಿದ್ದಾಯ್ತಲ್ಲ’ ಅಂತ ಎರಡು ಸಲ ಅಂದ್ರು.

ವಾಪಸ್ ಬರ್ತಾ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದಲ್ಲಿ ಇಳಿದ್ವಿ. ಮಳೆ ನಿಂತಿತ್ತು. ನಂದಿ ಮಂಟಪದ ಕಮಾನು, ಒದ್ದೆ ಕಲ್ಲು, ಅಂಗಳದ ಹುಲ್ಲು. ಅತ್ತೆ ಕಂಬಕ್ಕೆ ಒರಗಿ ಕೂತು ‘ಆಹಾ, ಎಷ್ಟು ಚೆಂದ’ ಅಂದ್ರು. ಮೈಯೆಲ್ಲ ಹಗುರ ಆಯ್ತು. ಇನ್ನೂ ಸ್ವಲ್ಪ ಹೊತ್ತು ಕೂರೋಣ ಅಂದಿದ್ದೂ ಅವರೇ.

ಈಗ ನನ್ನ ಪ್ರಶ್ನೆ. ಇಕ್ಕೇರಿಯಲ್ಲಿ ಆಗಿದ್ದೇ ಜಾಸ್ತಿ ಪ್ರಮಾಣದಲ್ಲಿ ಜೋಗದಲ್ಲಿ ಆಯ್ತು ಅಂತ ನನಗಂತೂ ಅನ್ನಿಸ್ತಿಲ್ಲ. ಇವೆರಡೂ ಒಂದೇ ಜಾತಿಯವಾ?

ನಿವೃತ್ತ ಮೇಷ್ಟ್ರು
ತಾಯೀ, ನಿಮ್ಮ ನೋಟ್ಸ್ ಬರೆದವರು ಒಂದು ಅಲ್ಪವಿರಾಮದಲ್ಲಿ ದೊಡ್ಡದೊಂದು ಜಗಳವನ್ನೇ ನುಂಗಿಬಿಟ್ಟಿದ್ದಾರೆ. ನಿಮ್ಮ ಅತ್ತೆಯವರು ಎರಡು ಜಾಗದಲ್ಲಿ ಆಡಿದ ಎರಡು ಮಾತು ಆ ನೋಟ್ಸ್‌ಗಿಂತ ಮೇಲು.

ಇವೆರಡನ್ನೂ ಕಡ್ಡಿ ಮುರಿದಂತೆ ಬೇರೆ ಮಾಡಿದವನು ಎಡ್ಮಂಡ್ ಬರ್ಕ್. ಡಬ್ಲಿನ್‌ನವನು. ಭವ್ಯ ಮತ್ತು ಸುಂದರ ಎಂಬ ಭಾವನೆಗಳ ಮೂಲ ಹುಡುಕುವ ಅವನ ಪುಸ್ತಕ 1757ರಲ್ಲಿ ಬಂತು, ಆಗ ಅವನಿಗೆ 30 ಕೂಡ ಆಗಿರಲಿಲ್ಲ. ಅವನ ವಾದ ಸರಳ. ಮನುಷ್ಯನಲ್ಲಿ ಎರಡು ಬೇರು ಇವೆ. ಒಂದು, ಜೀವ ಉಳಿಸಿಕೊಳ್ಳಬೇಕು ಎನ್ನುವುದು. ಇನ್ನೊಂದು, ಇತರರ ಜೊತೆ ಬೆರೆಯಬೇಕು ಎನ್ನುವುದು. ಭವ್ಯ ಮೊದಲ ಬೇರಿನಿಂದ ಬರುತ್ತದೆ, ಅದರ ತಾಯಿ ಭಯ. ಸುಂದರ ಎರಡನೆಯದರಿಂದ, ಅದರ ತಾಯಿ ಪ್ರೀತಿ. ಹಾಗಾಗಿ ಸುಂದರವನ್ನು ಎಷ್ಟೇ ಹಿಗ್ಗಿಸಿದರೂ ಅದು ಭವ್ಯವಾಗುವುದಿಲ್ಲ. ಬೆಲ್ಲ ಎಷ್ಟು ಹಾಕಿದರೂ ಖಾರ ಆಗುವುದುಂಟೇ?

ನೀವು ಬರೆದ ಮೈಯ ವಿವರವೂ ಅವನಲ್ಲಿದೆ. ಸುಂದರ ವಸ್ತು ನರಗಳನ್ನು ಸಡಿಲಿಸುತ್ತದೆ, ಭವ್ಯ ವಸ್ತು ಬಿಗಿಯುತ್ತದೆ ಎಂದ. ಶರೀರಶಾಸ್ತ್ರವಾಗಿ ಇದು ಈಗ ನಿಲ್ಲುವುದಿಲ್ಲ, ಬಿಡಿ. ಗಮನಿಸಿದ್ದು ಮಾತ್ರ ಸರಿಯಾಗಿದೆ.

ಮಂಜಿಗೂ ಅವನ ಹತ್ತಿರ ಉತ್ತರ ಉಂಟು. ಭಯಂಕರವಾದದ್ದು ಇನ್ನೂ ಭಯಂಕರವಾಗಬೇಕಾದರೆ ಅದು ಅಸ್ಪಷ್ಟವಾಗಿರಬೇಕು, ಕಣ್ಣಿಗೆ ಪೂರ್ತಿ ಸಿಕ್ಕಿದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ ಎನ್ನುತ್ತಾನೆ. ದೊಡ್ಡ ಜಲಪಾತದ ಸದ್ದೊಂದೇ ಸಾಕು ಮನಸ್ಸನ್ನು ತುಂಬಲು ಎಂದೂ ಬರೆದಿದ್ದಾನೆ. ನಿಮ್ಮ ಮುಕ್ಕಾಲು ಗಂಟೆ ದಂಡವಾಗಿಲ್ಲ. ಎಲ್ಲ ನಿಚ್ಚಳವಾಗಿ ಕಾಣುವ ದಿನ ಹೋಗಿದ್ದರೆ ನೀವು ಈ ಪ್ರಶ್ನೆ ಕೇಳುತ್ತಿರಲಿಲ್ಲವೋ ಏನೋ.

ಇನ್ನೊಂದು ಸಂಗತಿ, ನನಗೆ ಇಷ್ಟವಾದದ್ದು. ಸುಂದರವಾದದ್ದು ಸಾಮಾನ್ಯವಾಗಿ ಚಿಕ್ಕದಾಗಿರುತ್ತದೆ ಎಂದು ವಾದಿಸುವಾಗ ಬರ್ಕ್ ಭಾಷೆಯನ್ನು ಸಾಕ್ಷಿಗೆ ಕರೆಯುತ್ತಾನೆ. ಬಹಳಷ್ಟು ಭಾಷೆಗಳಲ್ಲಿ ಪ್ರೀತಿಪಾತ್ರರನ್ನು ಚಿಕ್ಕದು ಮಾಡಿಯೇ ಕರೆಯುತ್ತಾರಂತೆ. ಕನ್ನಡ ಅವನಿಗೆ ಗೊತ್ತಿರಲಿಲ್ಲ, ಆದರೆ ‘ಪುಟ್ಟಾ’, ‘ಮರೀ’, ‘ಕಂದಾ’ ಎಂದು ಕರೆಯುವ ಮನೆಗಳಲ್ಲಿ ಅವನ ವಾದಕ್ಕೆ ಬೇಕಾದಷ್ಟು ಪುರಾವೆ ಇದೆ. ಆರಡಿ ಬೆಳೆದ ನನ್ನ ಮಗನನ್ನು ಅವನ ತಾಯಿ ಇಂದಿಗೂ ‘ಪಾಪು’ ಎನ್ನುತ್ತಾಳೆ.

ಗಿರಮಿಟ್
ಮೇಷ್ಟ್ರ, ಎಲ್ಲಾ ಖರೆ. ಆದ್ರ ‘ಭವ್ಯ’ ಅನ್ನೂ ಶಬ್ದಾನ ಕೆಟ್ಟು ಹೋಗೇದಲ್ರೀ. ನಮ್ಮ ಓಣಿ ಫ್ಲೆಕ್ಸಿನ್ಯಾಗ ನೋಡ್ರಿ, ‘ಭವ್ಯ ಮೆರವಣಿಗೆ’, ‘ಭವ್ಯ ಸ್ವಾಗತ’, ‘ಭವ್ಯ ರಿಯಾಯಿತಿ ಮಾರಾಟ’. ಸೀರಿ ಅಂಗಡಿಗೆ ಭವ್ಯ ಅಂದಮ್ಯಾಲೆ ಜೋಗಕ್ಕ ಏನನ್ನೂದು?

ಫಿಲ್ಟರ್‌ಕಾಪಿ
@ಗಿರಮಿಟ್ ರಿಯಾಯಿತಿ ನೋಡಿ ಮೊಣಕಾಲು ಸಡಿಲ ಆಗೋರೂ ಇದ್ದಾರೆ ಸಾರ್ 😄

ಆದ್ರೆ ಪ್ರಶ್ನೆ ನ್ಯಾಯವಾದ್ದೇ. ‘ಉದಾತ್ತ’ ಅಂತ ಹಾಕೋಣ ಅಂದ್ರೆ ಅದು ಮನುಷ್ಯರ ಗುಣಕ್ಕೆ ಅಂಟಿಕೊಂಡಿದೆ. ಉದಾತ್ತ ವ್ಯಕ್ತಿ ಅಂತೀವಿ, ಉದಾತ್ತ ಜಲಪಾತ ಅನ್ನಲ್ಲ.

ಚಂಡೆಪೆಟ್ಟು
ಶಬ್ದ ಉಂಟಲ್ಲ ಮಾರಾಯ್ರೆ, ‘ರುದ್ರರಮಣೀಯ’! ಪೇಪರಿನವರು ಮಳೆಗಾಲ ಬಂದ ಕೂಡಲೇ ಜೋಗದ ಫೋಟೋದ ಅಡಿಗೆ ಹಾಕುವುದು ಅದನ್ನೇ. ಹಾಕಿ ಹಾಕಿ ಸವೆದಿದೆ, ಸರಿ. ಆದರೆ ಒಳಗೆ ನೋಡಿ: ರುದ್ರವೂ ಹೌದು, ರಮಣೀಯವೂ ಹೌದು. ಎರಡನ್ನೂ ಒಂದೇ ಪದದಲ್ಲಿ ಕಟ್ಟಿ ಹಾಕಿದವರು ಯಾರೋ, ಅವರು ಖಂಡಿತ ಮಳೆಯಲ್ಲಿ ನಿಂತು ನೆನೆದವರೇ.

ನಾವು ಮಾತಿನಲ್ಲಿ ‘ಭಯಂಕರ ಚಂದ’ ಅನ್ನುವುದಿಲ್ಲವಾ? ಮೀನು ಪದಾರ್ಥವೂ ಭಯಂಕರ ರುಚಿ. ಅಲ್ಲಿ ಭಯ ಕರಗಿ ಹೋಗಿದೆ, ಬರೀ ‘ತುಂಬಾ’ ಅಂತ ಉಳಿದಿದೆ. ನಿಮ್ಮ ನೋಟ್ಸಿನವರು ಮಾಡಿದ್ದೂ ಅದೇ ಕೆಲಸ ಅಂತ ಕಾಣುತ್ತದೆ.

ನಿವೃತ್ತ ಮೇಷ್ಟ್ರು
ಎರಡು ಪದಗಳೂ ಉಳಿಯಲಿ ಎನ್ನುವವನು ನಾನು, ಏಕೆಂದರೆ ಸಬ್ಲೈಮ್‌ಗೂ ಎರಡು ಜನ್ಮ. ಮೊದಲ ಜನ್ಮ ಮಾತಿನದು. ಲಾಂಜೈನಸ್ ಎಂಬ ಹೆಸರಿನಲ್ಲಿ ಬಂದಿರುವ ಹಳೆಯ ಗ್ರೀಕ್ ಗ್ರಂಥ ಚರ್ಚಿಸುವುದು ಬೆಟ್ಟ ಸಮುದ್ರಗಳನ್ನಲ್ಲ, ಎತ್ತರದ ಮಾತನ್ನು. ಕೇಳುಗನನ್ನು ಒಪ್ಪಿಸುವ ಮಾತಲ್ಲ, ಅವನನ್ನು ಅವನಿಂದಲೇ ಆಚೆ ಎತ್ತಿ ಒಯ್ಯುವ ಮಾತು. ಯಹೂದ್ಯರ ಧರ್ಮಗ್ರಂಥದ ‘ಬೆಳಕಾಗಲಿ, ಬೆಳಕಾಯಿತು’ ಎಂಬ ಮಾತೂ ಅಲ್ಲಿ ಉದಾಹರಣೆ. ಆ ಸಾಲಿನಲ್ಲಿ ಒಂದು ಅಲಂಕಾರವೂ ಇಲ್ಲ, ನೋಡಿ. ಇದಕ್ಕೆ ‘ಉದಾತ್ತ’ ಚೆನ್ನಾಗಿ ಒಪ್ಪುತ್ತದೆ. 1674ರಲ್ಲಿ ಫ್ರೆಂಚ್ ಕವಿ ಬ್ವಾಲೊ ಅದನ್ನು ಫ್ರೆಂಚಿಗೆ ತಂದ ಮೇಲೆ ಯುರೋಪಿನಲ್ಲೆಲ್ಲ ಅದರದೇ ಮಾತಾಯಿತು. ಮುಂದಿನ 100 ವರ್ಷಗಳಲ್ಲಿ ಪದ ಪುಸ್ತಕದಿಂದ ಎದ್ದು ಆಲ್ಪ್ಸ್ ಬೆಟ್ಟ ಹತ್ತಿತು. ಅದು ಎರಡನೆಯ ಜನ್ಮ, ಅದಕ್ಕೆ ‘ಭವ್ಯ’ ಇರಲಿ. ಫ್ಲೆಕ್ಸಿನವರಿಂದ ವಾಪಸು ಕಿತ್ತುಕೊಳ್ಳೋಣ.

ಸಾಗರದ ಸೊಸೆ
ಅಬ್ಬಾ, ಧನ್ಯವಾದ ಎಲ್ಲರಿಗೂ. ಮೇಷ್ಟ್ರೇ, ಒಂದು ಅನುಮಾನ. ಭಯವೇ ತಾಯಿ ಅಂದ್ರಿ. ಹಾಗಾದ್ರೆ ನಾಯಿ ಅಟ್ಟಿಸ್ಕೊಂಡು ಬಂದ್ರೂ ಭವ್ಯವಾ? ಮತ್ತೆ ಜರ್ಮನ್ ತತ್ವಜ್ಞಾನಿ ಕಾಂಟ್ ಏನಂದ ಅಂತಾನೂ ಯಾರಾದ್ರೂ ಹೇಳಿ, 10 ಅಂಕದ ಪ್ರಶ್ನೆ ಬರಬಹುದಂತೆ.

ಫಿಲ್ಟರ್‌ಕಾಪಿ
ನಾಯಿ ಪ್ರಶ್ನೆ ಸೂಪರ್. ಬರ್ಕೇ ಉತ್ತರ ಕೊಟ್ಟಿದ್ದಾನೆ: ಅಪಾಯ ತೀರಾ ಹತ್ತಿರ ಬಂದ್ರೆ ಅದು ಬರೀ ಭಯಂಕರ, ಅಷ್ಟೇ. ಸ್ವಲ್ಪ ದೂರ ಬೇಕು. ಕಂಬಿ ಬೇಕು. ಕಂಬಿ ಇಲ್ಲದ ಜೋಗ ಬರೀ ಪ್ರಪಾತ.

ಇನ್ನು ಕಾಂಟ್. ಮೊದಲಿಗೆ ಒಂದು ತಮಾಷೆ: ಬೆಟ್ಟ, ಬಿರುಗಾಳಿ, ಜ್ವಾಲಾಮುಖಿ, ಉಕ್ಕುವ ಸಮುದ್ರ, ದೊಡ್ಡ ನದಿಯ ಜಲಪಾತ ಅಂತ ಸಾಲಾಗಿ ಪಟ್ಟಿ ಮಾಡಿ ಬರೆದ ಈ ಮಹಾನುಭಾವ ಕೋನಿಗ್ಸ್‌ಬರ್ಗ್ ಊರಿನ ಸುತ್ತಮುತ್ತ ಬಿಟ್ಟು ದೂರ ಹೋದವನೇ ಅಲ್ಲ. ಆಲ್ಪ್ಸ್ ನೋಡಿಲ್ಲ. ಓದಿದ್ದು ಪ್ರವಾಸ ಕಥನಗಳನ್ನ. 1764ರಲ್ಲಿ ಈ ವಿಷಯದ ಮೇಲೆ ಒಂದು ಚಿಕ್ಕ ಪುಸ್ತಕ ಬರೆದ, ಆದ್ರೆ ನಿಮಗೆ ಪರೀಕ್ಷೆಗೆ ಬೇಕಾದ್ದು 1790ರ ದೊಡ್ಡದು, ತೀರ್ಮಾನಶಕ್ತಿಯ ವಿಮರ್ಶೆ.

ಸುಂದರ ಅಂದ್ರೆ ಅವನಿಗೆ ಆಕಾರದ ವಿಷಯ. ಒಂದು ಹೂವು ನೋಡ್ತೀರಿ. ಅದರಿಂದ ನಿಮಗೆ ಏನೂ ಆಗಬೇಕಾಗಿಲ್ಲ, ಕೀಳಬೇಕು ಮಾರಬೇಕು ಅಂತಿಲ್ಲ. ಕಲ್ಪನೆಯೂ ಬುದ್ಧಿಯೂ ಒಂದಕ್ಕೊಂದು ಹೊಂದಿಕೊಂಡು ಸುಮ್ಮನೆ ಆಡ್ತಾ ಇರ್ತವೆ, ಅದೇ ಸುಖ. ಜೊತೆಗೆ ‘ನನಗೆ ಚೆಂದ’ ಅಂತ ಹೇಳಿ ಬಿಡಲ್ಲ ನಾವು, ‘ಚೆಂದ ಇದೆ ಅಲ್ವಾ?’ ಅಂತ ಪಕ್ಕದವರನ್ನ ಕೇಳ್ತೀವಿ. ಎಲ್ಲರೂ ಒಪ್ಪಲಿ ಅನ್ನೋ ನಿರೀಕ್ಷೆ ಆ ಮಾತಿನ ಒಳಗೇ ಇರುತ್ತೆ.

ಭವ್ಯದಲ್ಲಿ ಆ ಹೊಂದಾಣಿಕೆ ಮುರಿಯುತ್ತೆ. ಇದರಲ್ಲಿ ಎರಡು ಬಗೆ. ಒಂದು ಗಾತ್ರದ್ದು, ಇನ್ನೊಂದು ಬಲದ್ದು. ಗಾತ್ರದ್ದಕ್ಕೆ ಅವನು ಕೊಡೋ ಉದಾಹರಣೆ ಈಜಿಪ್ಟಿನ ಪಿರಮಿಡ್, ಅದೂ ಸಾವರಿ ಅನ್ನೋ ಪ್ರವಾಸಿಯ ಮಾತು ಹಿಡಿದು. ತೀರಾ ದೂರ ನಿಂತ್ರೆ ಕಲ್ಲುಗಳು ಕಾಣಲ್ಲ, ಒಂದು ತ್ರಿಕೋನ ಅಷ್ಟೇ. ತೀರಾ ಹತ್ತಿರ ಹೋದ್ರೆ ಬುಡದಿಂದ ತುದಿಗೆ ಕಣ್ಣು ಹತ್ತೋಷ್ಟರಲ್ಲಿ ಬುಡದಲ್ಲಿ ನೋಡಿದ್ದು ಮನಸ್ಸಿಂದ ಜಾರಿರುತ್ತೆ. ಒಂದೊಂದಾಗಿ ಎಣಿಸೋಕೆ ಆಗುತ್ತೆ, ಒಟ್ಟಿಗೆ ಹಿಡಿಯೋಕೆ ಆಗಲ್ಲ. ಕಲ್ಪನೆ ಅಲ್ಲಿ ಕೈಚೆಲ್ಲುತ್ತೆ, ಅದು ನೋವು. ಆದ್ರೆ ‘ಒಟ್ಟಿಗೆ ಹಿಡೀಬೇಕು’ ಅಂತ ಹಟ ಹಿಡಿದದ್ದು ಯಾರು? ನಮ್ಮೊಳಗಿನ ವಿವೇಕ. ಕಣ್ಣಿಗೆ ಸಿಗದ ‘ಅನಂತ’ ಅನ್ನೋದನ್ನ ಯೋಚಿಸಬಲ್ಲ ಶಕ್ತಿ ನಮ್ಮಲ್ಲೇ ಇದೆ ಅನ್ನೋದು ಆ ಸೋಲಿನಲ್ಲೇ ಗೊತ್ತಾಗುತ್ತೆ, ಅದು ಸುಖ. ನೋವಿನ ದಾರೀಲಿ ಬರೋ ಸುಖ. ಬಲದ್ದೂ ಹಾಗೇ: ಪ್ರಕೃತಿ ನನ್ನ ದೇಹವನ್ನ ಹೊಸಕಿ ಹಾಕಬಹುದು, ಆದ್ರೆ ನನ್ನನ್ನ ತಲೆಬಾಗಿಸೋಕೆ ಆಗಲ್ಲ ಅನ್ನೋ ಅರಿವು.

ಹಾಗಾಗಿ ಕಾಂಟ್ ಪ್ರಕಾರ ಭವ್ಯತೆ ಜೋಗದಲ್ಲಿ ಇಲ್ಲವೇ ಇಲ್ಲ. ಅದು ನಿಮ್ಮಲ್ಲಿದೆ.

ಸಾಗರದ ಸೊಸೆ
ಹಾಗಾದ್ರೆ ಪೆಟ್ರೋಲ್ ಖರ್ಚು ಮಾಡಿ ಹೋಗಿದ್ಯಾಕೆ 😀

ಚನ್ರಾಯಪಟ್ಣ
ಎಲ್ಲಾ ಓದ್ತಾ ಇದ್ದೆ. ಪಿರಮಿಡ್ ಮಾತು ಬಂತಲ್ಲ, ಅದಕ್ಕೆ ಬರೀತಿದೀನಿ. ನಮ್ಮೂರ ಪಕ್ಕದ ಶ್ರವಣಬೆಳಗೊಳದಲ್ಲಿ ಇದೇ ಆಟ ಆಗುತ್ತೆ. ಕೆಳಗಿಂದ, ಕಲ್ಯಾಣಿ ಹತ್ರ ನಿಂತು ನೋಡಿದ್ರೆ ಗೋಡೆ ಮೇಲೆ ತಲೆ, ಭುಜ ಅಷ್ಟೇ ಕಾಣೋದು. ಆರುನೂರು ಚಿಲ್ರೆ ಮೆಟ್ಟಿಲು ಹತ್ತಿ, ಬರಿಗಾಲು ಚುರುಗುಟ್ಟಿಸ್ಕೊಂಡು ಒಳಗೆ ಹೋದ್ರೆ ಮೊದಲು ಸಿಗೋದು ಕಾಲಬೆರಳು, ಹುತ್ತ, ಹಾವು, ತೊಡೆಗೆ ಹಬ್ಬಿದ ಬಳ್ಳಿ. ಕತ್ತು ಹಿಂದಕ್ಕೆ ಬಗ್ಗಿಸಿ ಬಗ್ಗಿಸಿ ಮುಖಕ್ಕೆ ಬರೋಷ್ಟರಲ್ಲಿ ಕಾಲು ಮರೆತೇ ಹೋಗಿರುತ್ತೆ. 57 ಅಡಿ, ಏಕಶಿಲೆ.

ಆದ್ರೆ ನನಗೆ ಒಂದು ತಕರಾರು ಇದೆ. ಅಲ್ಲಿ ಭಯ ಎಲ್ಲಿದೆ? ಆ ಮುಖದ ಮೇಲೆ ಇರೋದು ಮುಗುಳ್ನಗೆ. ಕೈಯಲ್ಲಿ ಆಯುಧ ಇಲ್ಲ, ಮೈಮೇಲೆ ಬಟ್ಟೆಯೂ ಇಲ್ಲ. ಹೆದರಿಸೋದು ಒಂದೂ ಇಲ್ಲ. ಆದ್ರೂ ಮಾತು ನಿಲ್ಲುತ್ತೆ. ಸ್ಕೂಲ್ ಮಕ್ಕಳ ಗಲಾಟೆ ಕೂಡ ಬಾಗಿಲು ದಾಟಿದ ತಕ್ಷಣ ಇಳಿದುಬಿಡುತ್ತೆ, ನೋಡಿದೀನಿ.

ಇನ್ನೊಂದು. ಆ ಬೆಟ್ಟದ ಮೇಲೆ ಬೊಪ್ಪಣ ಕವಿಯ ಶಾಸನ ಇದೆ, 1180ರ ಸುಮಾರಿನದು. ‘ಅತಿತುಂಗಾಕೃತಿಯಾದೊಡಾಗದದರೊಳ್ ಸೌಂದರ್ಯಂ’ ಅಂತ ಶುರುವಾಗೋ ಪದ್ಯ. ತೀರಾ ಎತ್ತರದ ಆಕೃತಿ ಆದ್ರೆ ಅದರಲ್ಲಿ ಸೌಂದರ್ಯ ಇರಲ್ಲ. ಎತ್ತರ, ಸೌಂದರ್ಯ ಎರಡೂ ಕೂಡಿ ಬಂದ್ರೂ ಅತಿಶಯ ಇರಲ್ಲ. ಎತ್ತರ, ಸೌಂದರ್ಯ, ಅತಿಶಯ ಮೂರೂ ಒಟ್ಟಿಗೆ ಗೊಮ್ಮಟನಲ್ಲಿ ನಿಂತಿವೆ, ಇವನಿಗೆ ಇವನೇ ಹೋಲಿಕೆ ಅಂತ ಪದ್ಯ ಮುಗಿಯುತ್ತೆ. ಬರ್ಕ್ ‘ಸುಂದರ ಅಂದ್ರೆ ಚಿಕ್ಕದು, ಭವ್ಯ ಅಂದ್ರೆ ದೊಡ್ಡದು’ ಅಂತ ಗೆರೆ ಎಳೆಯೋಕೆ 570 ವರ್ಷ ಮೊದಲೇ ನಮ್ಮ ಕವಿ ಆ ಗೆರೆ ಗೊತ್ತಿದ್ದೂ ಅಳಿಸಿದಾನೆ.

ಗಿರಮಿಟ್
ಇದು ನೋಡ್ರಿ ಮಾತು! ಶಾಸನದಾಗ ಬರದಾನ ಅಂದ್ರ ಫ್ಲೆಕ್ಸ್ ಅಲ್ರೀ, ಕಲ್ಲು.

ನಿವೃತ್ತ ಮೇಷ್ಟ್ರು
ಬೊಪ್ಪಣನ ಪದ್ಯ ನೆನಪಿಸಿದ್ದಕ್ಕೆ ಕೃತಜ್ಞ. ಪಾಠ ಮಾಡುವಾಗ ಎಷ್ಟೋ ಸಲ ಹೇಳಿದ ಪದ್ಯ, ಈ ಚರ್ಚೆಗೆ ಇಟ್ಟು ನೋಡಲು ನನಗೇ ಹೊಳೆದಿರಲಿಲ್ಲ. ಒಂದು ಎಚ್ಚರಿಕೆ ಮಾತ್ರ. ‘ಅತಿಶಯ’ ಜೈನರಲ್ಲಿ ಪಾರಿಭಾಷಿಕ ಪದ, ತೀರ್ಥಂಕರರಿಗೆ ಇರುವ ಅಲೌಕಿಕ ಮಹಿಮೆಗಳಿಗೆ ಹೇಳುವಂಥದ್ದು. ಅದನ್ನು ಎತ್ತಿ ಸಬ್ಲೈಮ್ ಎಂದು ಅನುವಾದಿಸಿಬಿಟ್ಟರೆ ಬೊಪ್ಪಣನಿಗೆ ಬಲವಂತವಾಗಿ ಕೋಟು ತೊಡಿಸಿದ ಹಾಗೆ. ಆದರೆ ಎತ್ತರ ಸೌಂದರ್ಯಕ್ಕೆ ಅಡ್ಡಿ ಎಂಬುದು ಅವನಿಗೆ ಕಂಡಿತ್ತು, ಎರಡೂ ಸೇರಿದರೂ ಇನ್ನೊಂದು ಬಾಕಿ ಉಳಿಯುತ್ತದೆ ಎಂಬುದೂ ಕಂಡಿತ್ತು. ಇದು ಸ್ತುತಿಯೇ, ಒಪ್ಪಿದೆ, ಆದರೆ ಕಲೆಯನ್ನು ಕಣ್ಣಿಟ್ಟು ನೋಡಿದವನ ಸ್ತುತಿ.

ಭಯ ಎಲ್ಲಿ ಎಂಬ ತಕರಾರಿಗೆ ಬರ್ಕ್ ತಡವರಿಸುತ್ತಾನೆ, ಕಾಂಟ್ ಉಳಿಯುತ್ತಾನೆ. ಗಾತ್ರದ ಭವ್ಯತೆಗೆ ಭಯ ಬೇಕೆಂದು ಕಾಂಟ್ ಹೇಳುವುದಿಲ್ಲ. ಕಣ್ಣು ಸೋತರೆ ಸಾಕು.

ಬೆಟ್ಟದ ಬುಡ
ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ.

ನಮ್ಮದು ಕೊಡಗು. 2018ರ ಆಗಸ್ಟ್‌ನಲ್ಲಿ ನಮ್ಮ ಮನೆ ಹಿಂದಿನ ಗುಡ್ಡ ಇಳಿಯಿತು. ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಮೊದಲು ಅಂಗಳದ ನೀರು ಬಣ್ಣ ಬದಲಾಯಿಸಿತು, ತಿಳಿ ಇದ್ದದ್ದು ಕೆಂಪಾಯಿತು. ಅಪ್ಪ ಅದನ್ನು ನೋಡಿದವರೇ ‘ಎಲ್ಲ ಹೊರಡಿ’ ಅಂದರು. ರಸ್ತೆಗೆ ಬರುವಷ್ಟರಲ್ಲಿ ಸದ್ದು ಕೇಳಿತು. ಇಲ್ಲಿ ಎಲ್ಲರೂ ಸದ್ದಿನ ಬಗ್ಗೆ ಬರೆದಿದ್ದೀರಿ. ಸಿಲ್ವರ್ ಓಕ್ ಮರಗಳು ನಿಂತ ನಿಲುವಿನಲ್ಲೇ, ನೆಟ್ಟಗೆ, ಕೆಳಗೆ ಬಂದವು. ತೋಟದ ಕೆಲಸಗಾರರ ಲೈನ್‌ಮನೆ ಹೋಯಿತು, ಅದೃಷ್ಟಕ್ಕೆ ಖಾಲಿ ಇತ್ತು. ಅರ್ಧ ತೋಟ ಹೋಯಿತು. ಅವತ್ತು ನನ್ನ ಕಲ್ಪನೆಯೂ ಸೋಲಲಿಲ್ಲ, ವಿವೇಕವೂ ಏಳಲಿಲ್ಲ. ಅಮ್ಮನ ಮಾತ್ರೆ ಮನೆಯಲ್ಲೇ ಉಳಿಯಿತಲ್ಲ ಎಂಬುದೊಂದೇ ತಲೆಯಲ್ಲಿದ್ದದ್ದು.

ಪರಿಹಾರ ಕೇಂದ್ರದಲ್ಲಿ ಮೊಬೈಲಿಗೆ ಆ ಗುಡ್ಡದ ವಿಡಿಯೋ ಬಂತು, ಮೇಲಿಂದ ತೆಗೆದದ್ದು, ಹಿಂದೆ ಸಂಗೀತ ಬೇರೆ. ಕೆಳಗೆ ಯಾರೋ ‘ಪ್ರಕೃತಿಯ ರುದ್ರರಮಣೀಯ ನೋಟ’ ಅಂತ ಹಾಕಿದ್ದರು. ಆ ಪದ ಕಂಡರೆ ನನಗೆ ಆಗುವುದಿಲ್ಲ, ಕ್ಷಮಿಸಿ.

ನನ್ನ ಪ್ರಶ್ನೆ ಇಷ್ಟು. ಭವ್ಯ ಅನ್ನುವುದು ಕಂಬಿಯ ಈಚೆ ನಿಂತವರ ತತ್ವಶಾಸ್ತ್ರ ಮಾತ್ರವಾ?

ಚಂಡೆಪೆಟ್ಟು
ಆ ಪದ ಈ ಚರ್ಚೆಗೆ ತಂದವ ನಾನು. ಬೇಸರ ಮಾಡಬೇಡಿ ಅಣ್ಣ.

ಫಿಲ್ಟರ್‌ಕಾಪಿ
ನಿಮ್ಮ ಪ್ರಶ್ನೆ ಕಾಂಟ್ ಪುಸ್ತಕದಲ್ಲೇ ಇದೆ, ಆದ್ರೆ ನಡುವೆ ಹಾಗೇ ಬಂದು ಹೋಗೋ ಮಾತಾಗಿ. ಸೋಸೂರ್ ಅಂತ ಜಿನೀವಾದ ವಿಜ್ಞಾನಿ, 1787ರಲ್ಲಿ ಆಲ್ಪ್ಸ್‌ನ ಮೌಂಟ್ ಬ್ಲಾಂಕ್ ಬೆಟ್ಟ ಹತ್ತಿದವನು. ಅವನ ಬರಹದಲ್ಲಿ ಒಬ್ಬ ಸವಾಯ್ ಸೀಮೆಯ ರೈತ ಬರ್ತಾನೆ. ಹಿಮದ ಬೆಟ್ಟ ನೋಡೋಕೆ ಹುಚ್ಚೆದ್ದು ಬರೋರೆಲ್ಲ ಮೂರ್ಖರು ಅಂತ ಅವನು ಮುಲಾಜಿಲ್ಲದೆ ಅಂದ. ಕಾಂಟ್ ಅವನನ್ನ ‘ಒಳ್ಳೆಯವನು, ಉಳಿದಂತೆ ತಿಳಿವಳಿಕೆ ಇರೋನು’ ಅಂತ ಕರೀತಾನೆ. ಆ ‘ಉಳಿದಂತೆ’ ನೋಡಿ! ಸಂಸ್ಕಾರ ಇಲ್ಲದೋನಿಗೆ ಭವ್ಯವಾದದ್ದು ಬರೀ ಭಯಾನಕವಾಗಿ ಕಾಣುತ್ತೆ ಅನ್ನೋದು ಅವನ ವಾದ. ರೈತನಿಗೆ ಕಾಣೋದು ಕಷ್ಟ, ಅಪಾಯ, ದಾರಿದ್ರ್ಯ ಅಷ್ಟೇ ಅಂತೆ. ಆ ಬೆಟ್ಟದ ಕೆಳಗೇ ಮನೆ ಇರೋನಿಗೆ ಇನ್ನೇನು ಕಾಣಬೇಕಿತ್ತು? ಕಾಂಟ್‌ನ ನಾನು ಎಷ್ಟು ಮೆಚ್ಚಿದ್ರೂ ಈ ಜಾಗದಲ್ಲಿ ಮುಜುಗರ ಆಗುತ್ತೆ.

ಆದ್ರೆ ಪೂರ್ತಿ ಹೇಳಬೇಕು. ಮುಂದಿನ ವಾಕ್ಯದಲ್ಲೇ ಅವನು ಸ್ವಲ್ಪ ಇಳೀತಾನೆ. ಬಹಳಷ್ಟು ಪ್ರವಾಸಿಗರ ಹಾಗೆ ಸೋಸೂರನೂ ಬರೀ ಷೋಕಿಗೋ, ಆಮೇಲೆ ಊರಲ್ಲಿ ರೋಮಾಂಚಕವಾಗಿ ವರ್ಣಿಸೋಕೋ ಅಪಾಯಕ್ಕೆ ಇಳಿದಿದ್ರೆ ಆ ರೈತ ಅಂದದ್ದು ತಪ್ಪಾಗ್ತಿತ್ತಾ ಅಂತ ಕೇಳ್ತಾನೆ. 1790ರಲ್ಲೇ ರೀಲ್ಸ್ ಮಾಡೋರ ಬಗ್ಗೆ ಬರೆದುಬಿಟ್ಟಿದ್ದ ಪುಣ್ಯಾತ್ಮ.

ನಿವೃತ್ತ ಮೇಷ್ಟ್ರು
ಬೆಟ್ಟದ ಬುಡ ಅವರೇ, ನಿಮ್ಮ ಮಾತನ್ನು ನಾಲ್ಕು ಸಲ ಓದಿದೆ. ಉತ್ತರ ನನ್ನ ಬಳಿ ಇಲ್ಲ. ನಿಮ್ಮ ಪ್ರಶ್ನೆಯನ್ನು ಇನ್ನಷ್ಟು ಮೊನಚು ಮಾಡುವ ಒಂದು ಸಂಗತಿ ಮಾತ್ರ ಇದೆ, ಅದರಲ್ಲಿ ನಮ್ಮ ನೆಲವೂ ಬರುತ್ತದೆ.

ಇದೇ ಬರ್ಕ್ ಮುಂದೆ ಪಾರ್ಲಿಮೆಂಟ್ ಸದಸ್ಯನಾದ. 1785ರ ಫೆಬ್ರವರಿಯಲ್ಲಿ, ಆರ್ಕಾಟ್ ನವಾಬನ ಸಾಲಗಳ ಕುರಿತು ಮಾಡಿದ ಭಾಷಣದಲ್ಲಿ ನಮ್ಮ ಹೈದರಾಲಿಯನ್ನು ವರ್ಣಿಸುತ್ತಾನೆ. 1780ರಲ್ಲಿ ಹೈದರ್ ಘಟ್ಟ ಇಳಿದು ಕರ್ನಾಟಿಕ್ ಬಯಲಿನ ಮೇಲೆ ಎರಗಿದ್ದು. (ಆಗಿನ ಕರ್ನಾಟಿಕ್ ಎಂದರೆ ಈಗಿನ ತಮಿಳುನಾಡಿನ ಕಡೆ, ನಮ್ಮ ರಾಜ್ಯ ಎಂದು ಗೊಂದಲ ಬೇಡ.) ಬರ್ಕ್‌ನ ಮಾತಿನಲ್ಲಿ ಅಲ್ಲಿ ಸೈನ್ಯವಿಲ್ಲ, ಕುದುರೆಯಿಲ್ಲ. ಇರುವುದು ಒಂದು ಕರಿಮೋಡ. ಅದು ಬೆಟ್ಟದ ಇಳಿಜಾರಿನಲ್ಲಿ ಕೆಲ ಹೊತ್ತು ತೂಗಿ ನಿಲ್ಲುತ್ತದೆ, ದಿಗಂತವೆಲ್ಲ ಕಪ್ಪಾಗುತ್ತದೆ, ಥಟ್ಟನೆ ಒಡೆದು ಇದ್ದದ್ದನ್ನೆಲ್ಲ ಬಯಲಿನ ಮೇಲೆ ಸುರಿಯುತ್ತದೆ. ಆಮೇಲೆ ಬೆಂಕಿ, ಬರ. ಕೊನೆಗೆ, ಇನ್ನು ವಿವರ ಹೇಳಲಾರೆ, ಇದರ ಮೇಲೆ ಹೊದಿಕೆ ಎಳೆದು ನಿಮ್ಮ ಊಹೆಗೇ ಬಿಡುತ್ತೇನೆ ಎನ್ನುತ್ತಾನೆ. 28 ವರ್ಷ ಹಿಂದೆ ಪುಸ್ತಕದಲ್ಲಿ ಬರೆದ ‘ಅಸ್ಪಷ್ಟತೆ’ಯನ್ನು ಲಂಡನ್ನಿನ ಸಭೆಯಲ್ಲಿ ಪ್ರಯೋಗಿಸಿ ತೋರಿಸಿದ.

ಉದ್ದೇಶ ಒಳ್ಳೆಯದೇ ಇತ್ತು. ಈಸ್ಟ್ ಇಂಡಿಯಾ ಕಂಪನಿಯವರ ದುರಾಸೆಯೇ ಈ ಅನಾಹುತಕ್ಕೆ ಕಾರಣ ಎಂದು ಎತ್ತಿ ತೋರಿಸಬೇಕಿತ್ತು. ಆದರೂ ಕೇಳಿದವರು ಬೆಂಚಿನ ಮೇಲೆ ಕೂತಿದ್ದರು. ಮೋಡದ ಕೆಳಗಿದ್ದ ರೈತ ಆ ವರ್ಣನೆಯಲ್ಲಿ ಗುಂಪಿನೊಳಗೆ ಒಬ್ಬ. ಇಷ್ಟು ವರ್ಷ ತರಗತಿಯಲ್ಲಿ ನಾನು ಆ ಭಾಗವನ್ನು ‘ಎಂಥ ಗದ್ಯ!’ ಎಂದು ಓದಿ ತೋರಿಸುತ್ತಿದ್ದೆ. ಇಂದು ಓದಲು ಹೋದರೆ ನಿಮ್ಮ ಸಿಲ್ವರ್ ಓಕ್ ಮರಗಳು ಅಡ್ಡ ಬರುತ್ತವೆ.

ಚಂಡೆಪೆಟ್ಟು
ಬೇರೆ ಕಡೆಯಿಂದ ಒಂದು ನೋಡುವ. ಯಕ್ಷಗಾನ ಆಟದಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸ ವೇಷ, ಬರುವ ಕ್ರಮ ನೋಡಿದ್ದೀರಾ? ಮೊದಲು ತೆರೆ ಹಿಡಿಯುತ್ತಾರೆ. ಚಂಡೆ ಏರುತ್ತಾ ಹೋಗುತ್ತದೆ. ತೆರೆಯ ಹಿಂದಿನಿಂದ ಆರ್ಭಟ. ತೆರೆಯ ಮೇಲೆ ಕಿರೀಟದ ತುದಿ ಮಾತ್ರ ಆಡುತ್ತದೆ, ತೆರೆ ಒಂದು ಗೇಣು ಇಳಿದರೆ ಎರಡು ಕಣ್ಣು. ನಾನು ಸಣ್ಣವನಿರುವಾಗ ಅಜ್ಜನ ಬೈರಾಸಿನ ಒಳಗೆ ಮುಖ ಹುಗಿಸಿ, ಒಂದು ಕಣ್ಣು ಮಾತ್ರ ಹೊರಗಿಟ್ಟು ನೋಡುತ್ತಿದ್ದೆ. ತೆರೆ ಸರಿದು ಪೂರ್ತಿ ವೇಷ ರಂಗಕ್ಕೆ ಬಂದ ಮೇಲೆ ಅಷ್ಟು ಹೆದರಿಕೆ ಇಲ್ಲ. ಬರ್ಕ್ ಹೇಳಿದ ಮಂಜು ಅಂದರೆ ನಮ್ಮ ತೆರೆ.

ಇನ್ನೊಂದು, ಗೀತೆಯ 11ನೇ ಅಧ್ಯಾಯ. ವಿಶ್ವರೂಪ ನೋಡಿ ಅರ್ಜುನ ಹೇಳುವುದು ‘ಅದೃಷ್ಟಪೂರ್ವಂ ಹೃಷಿತೋಽಸ್ಮಿ ದೃಷ್ಟ್ವಾ ಭಯೇನ ಚ ಪ್ರವ್ಯಥಿತಂ ಮನೋ ಮೇ’. ಹಿಂದೆ ಕಂಡಿರದ್ದನ್ನು ಕಂಡು ಹಿಗ್ಗಿದ್ದೇನೆ, ಭಯದಿಂದ ಮನಸ್ಸು ತತ್ತರಿಸಿಯೂ ಇದೆ. ಹಿಗ್ಗೂ ಭಯವೂ ಒಂದೇ ಉಸಿರಿನಲ್ಲಿ. ಮತ್ತೆ ಕೇಳುವುದೇನು? ಸಾಕು, ಹಳೆ ರೂಪ ತೋರಿಸು ಅಂತ! ಕೃಷ್ಣ ಮನುಷ್ಯರೂಪಕ್ಕೆ ಬಂದ ಮೇಲೆ ‘ಸೌಮ್ಯಂ’ ಅನ್ನುತ್ತಾನೆ, ಈಗ ಮನಸ್ಸು ನೆಲೆಗೆ ಬಂತು ಅನ್ನುತ್ತಾನೆ. ಜೋಗದಿಂದ ಇಕ್ಕೇರಿಗೆ ಬಂದ ಅತ್ತೆಯವರ ಹಾಗೆಯೇ. ಘೋರದಿಂದ ಅಘೋರೇಶ್ವರನಿಗೆ.

ಬೆಟ್ಟದ ಬುಡ ಅಣ್ಣ, ಅರ್ಜುನನಿಗೂ ಕಂಬಿ ಇರಲಿಲ್ಲ. ಅವ ನಿಂತದ್ದು ಯುದ್ಧಭೂಮಿಯಲ್ಲಿ, ಆ ಬಾಯಿಯೊಳಗೆ ಹೋಗುವವರಲ್ಲಿ ಅವನ ಅಜ್ಜನೂ ಇದ್ದ, ಗುರುವೂ ಇದ್ದ. ಇದರಿಂದ ನಿಮಗೆ ಉತ್ತರ ಸಿಕ್ಕಿತು ಅಂತ ನಾನು ಹೇಳುವುದಿಲ್ಲ.

ನಿವೃತ್ತ ಮೇಷ್ಟ್ರು
ಇದಕ್ಕೆ ಒಂದು ಸಣ್ಣ ಬಾಲಂಗೋಚಿ. ಭಯಾನಕ ರಸಕ್ಕೆ ಕಾಶ್ಮೀರದ ಕಾವ್ಯಮೀಮಾಂಸಕ ಅಭಿನವಗುಪ್ತ ಎತ್ತಿಕೊಳ್ಳುವ ಉದಾಹರಣೆ ಶಾಕುಂತಲದ ಜಿಂಕೆ, ರಥದಿಂದ ತಪ್ಪಿಸಿಕೊಂಡು ಕತ್ತು ಹೊರಳಿಸಿ ನೋಡುತ್ತಾ ಓಡುವುದು. ನೋಡುಗನಲ್ಲಿ ಹುಟ್ಟುವ ಭಯ ‘ನನಗೆ ಭಯ’ವೂ ಅಲ್ಲ, ‘ಜಿಂಕೆಗೆ ಭಯ’ವೂ ಅಲ್ಲ, ಯಾರದೂ ಅಲ್ಲದ, ಊರು ಕಾಲ ಕಳಚಿದ ಭಯ. ಆಗಲೇ ಅದು ರಸ. ಬರ್ಕ್ ‘ದೂರ’ ಎಂದು ಗಜಕಡ್ಡಿಯಲ್ಲಿ ಅಳೆದದ್ದನ್ನು ಈತ ಬೇರೆ ಬಗೆಯಲ್ಲಿ ಅಳೆದ, ಅದೂ ಏಳು ಶತಮಾನ ಮೊದಲು. ಆದರೆ ಅವನು ಹೇಳಿದ್ದು ರಂಗದ ಬಗ್ಗೆ. ನಿಜವಾದ ಗುಡ್ಡ ಇಳಿದರೆ ಅದಕ್ಕೆ ರಸ ಎನ್ನಲು ಅವನೂ ಒಪ್ಪುತ್ತಿರಲಿಲ್ಲ.

ಜಿನೀವಾ ಜೋಳದರೊಟ್ಟಿ
ಸೋಸೂರ್ ಊರಿಂದ ಬರೀತಿದೀನ್ರಿ, ವಿಜಯಪುರದವ, ಕೆಲಸಕ್ಕಂತ ಇಲ್ಲಿ. ಮೌಂಟ್ ಬ್ಲಾಂಕ್ ಬುಡದಾಗಿನ ಶಾಮೊನಿ ಊರಿಗೆ ಬಸ್ಸಿನ್ಯಾಗ ಹೋಗಿ ಬರಬಹುದು. ಅಲ್ಲಿ ಮೇರ್ ದ ಗ್ಲಾಸ್ ಅಂತ ಹಿಮನದಿ ಐತಿ. ಆಗಿನ ಕಾಲದ ಪ್ರವಾಸಿಗಳು ಅದನ್ನ ನೋಡಿ ನಡುಗಿ ನಡುಗಿ ಬರದಾರ. ನಾ ಹೋದಾಗ ಹಿಮ ಕಾಣ್ಬೇಕಂದ್ರ ನೂರಾರು ಮೆಟ್ಟಲಾ ಇಳೀಬೇಕಿತ್ತು. ಇಳಿಯೂ ದಾರ್ಯಾಗ ಬಂಡಿಗೆ ಬೋರ್ಡ್ ಹಚ್ಯಾರ: ಇಂಥಾ ಇಸವಿಯೊಳಗ ಹಿಮ ಇಲ್ಲೀ ತನಕ ಇತ್ತು ಅಂತ. ಇಳದಂಗ ಇಳದಂಗ ಇಸವಿ ನಮ್ಮ ಕಡೆ ಬರ್ತಾವ. ನಾ ಹುಟ್ಟಿದ ಇಸವಿಯ ಹಿಮ ಇದ್ದಿರಬೇಕಾದ ಎತ್ತರಕ್ಕ ಬಂದು ಕೆಳಗ ನೋಡಿದ್ರ ಹಿಮ ಇನ್ನೂ ಎಲ್ಲೋ ಆಳದಾಗ, ಮಣ್ಣು ಮೆತ್ಕೊಂಡು ಮಲಗೇತಿ.

ಅಂಜಿಕಿ ಬಂತ್ರಿ. ಆದ್ರ ಬರ್ಕ್ ಹೇಳೂ ಅಂಜಿಕಿ ಅಲ್ಲ. ಅದು ನನಗೇನರೆ ಮಾಡೀತು ಅಂತ ಅಲ್ಲ, ನಾವು ಅದಕ್ಕ ಏನ್ ಮಾಡೇವಿ ಅಂತ. ಇದಕ್ಕ ಸುಂದರ ಅನ್ನಲೋ ಭವ್ಯ ಅನ್ನಲೋ, ಈ ಎರಡೂ ಖಾನ್ಯಾಗ ಕೂಡವಲ್ದು.

ಗಿರಮಿಟ್
ಗುರೂ, ಅಲ್ಲಿ ಜ್ವಾಳದ ಹಿಟ್ಟು ಸಿಗತೈತೇನು?

ಜಿನೀವಾ ಜೋಳದರೊಟ್ಟಿ
ಸಿಗತೈತಿ. ಬಡದ್ರ ಹರೀತಾವ.

ಸಾಗರದ ಸೊಸೆ
ಮೂರು ವಾರ ಆದ್ಮೇಲೆ ಬರ್ತಿದೀನಿ. ಪರೀಕ್ಷೆ ಮುಗೀತು. ಸಬ್ಲೈಮ್ ಬರ್ಲೇ ಇಲ್ಲ, 10 ಅಂಕಕ್ಕೆ ಕೆಥಾರ್ಸಿಸ್, ಅದೇ ಅರಿಸ್ಟಾಟಲ್‌ನ ಭಾವಶುದ್ಧಿ, ಬಂತು. ಅಲ್ಲೇ ಒಂದು ಕಡೆ ಬೊಪ್ಪಣನನ್ನ ತೂರಿಸಿ ಬಂದೆ, ಮೌಲ್ಯಮಾಪಕರು ಏನಾದ್ರೂ ಅಂದ್ಕೊಳ್ಳಲಿ.

ಅತ್ತೆಗೆ ಈ ಚರ್ಚೆ ಓದಿ ಹೇಳಿದೆ. ಅವರ ಪ್ರಕಾರ ಜೋಗ ಚಿಕ್ಕಂದಿನಲ್ಲಿ ಇನ್ನೂ ದೊಡ್ಡದಿತ್ತಂತೆ. ಲಿಂಗನಮಕ್ಕಿ ಅಣೆಕಟ್ಟು ಕಟ್ಟೋ ಮೊದಲು ನೋಡಿದ್ದು, 1964ಕ್ಕೂ ಹಿಂದೆ. ಆಗ ಕಂಬಿ ಇರ್ಲಿಲ್ವಂತೆ. ಅವರಪ್ಪ ಬಂಡೆ ಮೇಲೆ ಹೊಟ್ಟೆ ಅಡಿ ಮಾಡಿ ಮಲಗಿಸಿ, ಎರಡೂ ಕಾಲು ಹಿಡ್ಕೊಂಡು, ‘ಈಗ ಬಗ್ಗಿ ನೋಡು’ ಅಂದ್ರಂತೆ. ‘ಹೆದ್ರಿಕೆ ಆಗ್ಲಿಲ್ವಾ ಅತ್ತೆ’ ಅಂದೆ. ‘ಅಪ್ಪ ಕಾಲು ಹಿಡಿದಿದ್ನಲ್ಲೇ’ ಅಂದ್ರು.

ಬೆಟ್ಟದ ಬುಡ ಅವರೇ, ಇದ್ದೀರಾ? ನಿಮ್ಮ ಪ್ರಶ್ನೆಗೆ ಯಾರೂ ಸರಿಯಾಗಿ ಉತ್ತರ ಹೇಳಲಿಲ್ಲ ಅಂತ ನನಗೆ ಕೊರೀತಾನೇ ಇದೆ.

ಬೆಟ್ಟದ ಬುಡ
ಇದ್ದೇನೆ. ಓದುತ್ತಿರುತ್ತೇನೆ. ಕೊರೆಸಿಕೊಳ್ಳಬೇಡಿ, ನಿಮ್ಮ ಅತ್ತೆಯವರ ಅಪ್ಪನ ಕಥೆ ನನಗೆ ಸಾಕು.

ಆ ಗುಡ್ಡ ಕುಸಿದ ಜಾಗದಲ್ಲಿ ಈಗ ಹುಲ್ಲು ಬಂದಿದೆ. ಮೇಲಿಂದ ಕೆಳಗಿನವರೆಗೆ ಒಂದು ಹಸಿರು ಪಟ್ಟಿ, ಅಕ್ಕಪಕ್ಕದ ಕಾಡಿಗಿಂತ ತಿಳಿ ಬಣ್ಣ. ಎದುರಿನ ತಿರುವಿನಲ್ಲಿ ಯಾರೋ ಟೀ ಅಂಗಡಿ ಇಟ್ಟಿದ್ದಾರೆ, ಗಾಡಿಗಳು ನಿಲ್ಲುತ್ತವೆ, ಜನ ಫೋಟೋ ತೆಗೆಯುತ್ತಾರೆ. ಹೋದ ತಿಂಗಳು ಅಮ್ಮನನ್ನು ಆಸ್ಪತ್ರೆಗೆ ತೋರಿಸಿಕೊಂಡು ಬರುವಾಗ ನಾನೂ ಅಲ್ಲಿ ನಿಲ್ಲಿಸಿದೆ. ಸಂಜೆ ಬಿಸಿಲು ಆ ಪಟ್ಟಿಯ ಮೇಲೆ ಬಿದ್ದಿತ್ತು. ಚೆಂದ ಕಾಣುತ್ತಿತ್ತು. ಸುಳ್ಳು ಹೇಳುವುದಿಲ್ಲ, ಎರಡು ನಿಮಿಷ ನೋಡಿದೆ.

ಅಮ್ಮ ಇಳಿಯಲಿಲ್ಲ. ಆ ಕಡೆಗೆ ತಿರುಗಲೂ ಇಲ್ಲ. ಟೀಯನ್ನು ಈಚೆ ಕಡೆಯ ಕಿಟಕಿಯಿಂದ ಕೊಟ್ಟೆ.